ಕಾಂಪೌಂಡರನ ಕೈಗುಣ

"ಮತ್ತೆ ಬಿದ್ಯಾ? ಕಣ್ಣೇನು ನೆತ್ತಿ ಮೇಲಿದ್ಯಾ ನಿಂಗೆ?" ಡಾಕ್ಟರಮ್ಮ ತಲೆ ಎತ್ತದೆಯೇ ಬೈದಳು.

ಹಿಟ್ಟಿನ ಗಿರಣಿಯಲ್ಲಿ ಚೀಲ ಹೊಲಿಯುವವಳು ಊದಿದ ಮಣಿಕಟ್ಟನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳು ಬಿದ್ದಿರಲಿಲ್ಲ. ಊಟ ತಣ್ಣಗಿದೆ ಎಂದು ಗಂಡ ಕೈ ತಿರುಚಿದ್ದ. ಈ ಸಲ ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆದರೆ ಗಂಡ ಅನ್ನಿಸಿಕೊಂಡವನು ಇದೇ ಆಸ್ಪತ್ರೆಯ ಕಾಂಪೌಂಡರ್. ಔಷಧಿ ತರಲು ಅವನು ಪೇಟೆಗೆ ಹೋಗುವ ದಿನ ನೋಡಿಕೊಂಡೇ ಬಂದಿದ್ದಳು, ಪಾಪ. ಅವನು ಹೋಗಿರಲಿಲ್ಲ. ಡಾಕ್ಟರಮ್ಮನ ಕುರ್ಚಿಯ ಹಿಂದೆಯೇ ಹಸುವಿನಂಥ ಮುಖ ಮಾಡಿಕೊಂಡು ನಿಂತಿದ್ದ.

"ಎಷ್ಟು ಹೇಳಿದ್ರೂ ನೋಡ್ಕೊಂಡು ನಡೆಯಲ್ಲ ಮೇಡಂ," ಅಂದ.

"ಮೂಳೆಗೇನೂ ಆಗಿಲ್ಲ. ನೀನೇ ಕಟ್ಟು ಹಾಕು," ಎಂದು ಡಾಕ್ಟರಮ್ಮ ಅವನಿಗೆ ಹೇಳಿ ಇವಳತ್ತ ತಿರುಗಿದಳು. "ಪುಣ್ಯ ಮಾಡಿದ್ದೀಯ ಕಣೇ, ಮನೇಲೇ ಕಾಂಪೌಂಡರ್!"

ಕಟ್ಟು ಹಾಕುವುದು ಹೊರಗಿನ ಪಡಸಾಲೆಯಲ್ಲಿ, ಬೆಂಚಿನ ಮೇಲೆ ಕೂತ ಹೆಂಗಸರ ಎದುರಿಗೇ. ಅವನ ಕೈಗುಣ ಎಂದರೆ ಅವರಿಗೆಲ್ಲ ಪ್ರಾಣ. "ನೋವೇ ಗೊತ್ತಾಗದಂಗೆ ಕಟ್ತಾನೆ ಮಹರಾಯ," ಎಂದಳು ಕೈ ಸುಟ್ಟುಕೊಂಡು ಬಂದಿದ್ದ ಅಜ್ಜಿ. ಅಯ್ಯೋ, ಎಲ್ಲಿ ಹೊಡೆದರೆ ಗುರುತು ಕಾಣುವುದಿಲ್ಲ ಎನ್ನುವುದೂ ಆ ಕೈಗೆ ಗೊತ್ತಿತ್ತು.

ಅವನು ಪಟ್ಟಿ ಸುತ್ತಿದ. ಬೇಕೆಂದೇ ಬಿಗಿದ. ನಗುನಗುತ್ತಲೇ ಅವಳ ಕಿವಿಯ ಬಳಿ ಬಾಗಿದ.

"ಇಲ್ಲಿಗ್ಯಾಕೆ ಬಂದೆ ಬೋಸುಡಿ? ನನ್ನ ಮಾನ ಕಳೆಯೋಕಾ? ಮನೆಗೆ ನಡಿ, ಇನ್ನೊಂದು ಕೈನೂ ನೋಡ್ಕೋತೀನಿ."

ಸುಮ್ಮನಿದ್ದರೂ ಏಟು, ಬಾಯಿಬಿಟ್ಟರೂ ಏಟು. ಅವಳು ಕೈ ಕಿತ್ತುಕೊಂಡಳು.

"ಮುಟ್ಬೇಡ! ತಿರುಚೋನೂ ನೀನೇ, ಕಟ್ಟೋನೂ ನೀನೇನಾ?"

ಕೂಗಿದ್ದು ತಾನೇನಾ ಎಂದು ಅವಳಿಗೇ ಹೆದರಿಕೆಯಾಯಿತು. ಹಲ್ಲಿನಿಂದ ಪಟ್ಟಿ ಬಿಚ್ಚಿ ನೆಲಕ್ಕೆ ಎಸೆದಳು.

ಡಾಕ್ಟರಮ್ಮ ಬಾಗಿಲಿಗೆ ಬಂದಳು. "ಏಯ್, ಗಂಡ ಹೆಂಡ್ತಿ ಜಗಳ ಮನೇಲಿಟ್ಕೊಳ್ಳಿ. ಇದು ಆಸ್ಪತ್ರೆ." ಅಷ್ಟು ಹೇಳಿ ಒಳಗೆ ಹೋದಳು.

"ಬೇರೆ ಯಾರಾದ್ರೂ ಕಟ್ಟೋ ತನಕ ನಾನು ಏಳಲ್ಲ," ಎಂದು ಇವಳು ಬೆಂಚಿನ ಮೇಲೆ ಕೂತಳು. ಸಂಜೆ ಆಗೇ ಆಗುತ್ತದೆ, ಆಗ ಹೋಗುವುದೆಲ್ಲಿಗೆ?

ಕಾಂಪೌಂಡರ್ ಹಲ್ಲು ಕಿರಿದ. "ತಲೆ ಕೆಟ್ಟಿದೆ ಅವಳಿಗೆ. ನೀನು ಬಾ ಅಜ್ಜಿ, ಕೈ ಕೊಡು."

ಅಜ್ಜಿ ಅವನ ಮುಖ ನೋಡಿದಳು. ನೆಲದ ಮೇಲೆ ಬಿದ್ದಿದ್ದ ಪಟ್ಟಿ ನೋಡಿದಳು. ಸುಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಇವಳ ಪಕ್ಕಕ್ಕೆ ಸರಿದು ಕೂತಳು.