ಮರಳು ಚೀಲದ ತೂಕ

"ಅಂದಾಜಿಗೆ ಕೂರಿಸಿಬಿಡಿ ಮಾವ," ಎಂದ ಅಳಿಯ ಫೋನಿನಲ್ಲಿ. "ಅಂಗಡಿಗೆ ಲೋಡು ಬಂದಿದೆ. ಬಣ್ಣದ ಡಬ್ಬ ಎಲ್ಲಾ ಇಳಿಸದೆ ಬರೋ ಹಾಗಿಲ್ಲ."

"ಅಂದಾಜಿಗೆ ನಿಮ್ಮ ಬಣ್ಣ ಬಳೀಬಹುದು ಅಳಿಯಂದ್ರೇ, ಶಾಕ್ ಕೂರಿಸೋಕಾಗಲ್ಲ," ಎಂದು ಮಾವ ಫೋನು ಇಟ್ಟ. ಬೈಕಿನ ಶಾಕ್ ಅಬ್ಸಾರ್ಬರ್ ಬಿಟ್ಟು ಬೇರೇನನ್ನೂ ಮುಟ್ಟದ ಮೆಕ್ಯಾನಿಕ್ ಆತ. ಹಾಗಾಗಿ ಊರ ಬಾಯಲ್ಲಿ ಶಾಕಪ್ಪ. ಹೆತ್ತವರಿಟ್ಟ ಹೆಸರು ಹಿಡಿದು ಯಾರಾದರೂ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಬೈಕು ಶೆಡ್ಡಿನ ಗೋಡೆ ಪಕ್ಕ ನಿಂತಿತ್ತು. ದಿನಾ ಬೀದಿಯಲ್ಲಿ ಓಡಾಡುವ ಗಾಡಿ, ಗುಂಡಿಗೆ ಬಿದ್ದರೂ ಬೆನ್ನಿಗೆ ಗೊತ್ತಾಗದಷ್ಟು ಮೆತ್ತಗೆ ಮಾಡಿಟ್ಟದ್ದು. ಭಾನುವಾರ ಅಳಿಯ ಓಡಿಸಬೇಕಿದ್ದದ್ದು ಡ್ರ್ಯಾಗ್ ರೇಸು, ನೇರ ರಸ್ತೆಯಲ್ಲಿ ಕೆಲವೇ ಸೆಕೆಂಡಿನ ಓಟ; ಅದಕ್ಕೆ ಆ ಮೆತ್ತನೆತನವೇ ಶತ್ರು. ಹಸಿರು ದೀಪ ಬಿದ್ದು ಥ್ರಾಟಲ್ ತಿರುವಿದ ಕೂಡಲೇ ಭಾರವೆಲ್ಲ ಹಿಂದಕ್ಕೆ ನುಗ್ಗುತ್ತದೆ, ಹಿಂಭಾಗ ಕುಕ್ಕರಿಸುತ್ತದೆ, ಮುಂದಿನ ಚಕ್ರ ಆಕಾಶ ನೋಡುತ್ತದೆ. ಸವಾರ ಹೆದರಿ ಥ್ರಾಟಲ್ ಬಿಟ್ಟರೆ ಅಲ್ಲಿಗೆ ಓಟ ಮುಗಿದ ಹಾಗೆಯೇ. ಅದಕ್ಕಾಗಿ ಶಾಕಪ್ಪ ಬೆಳಿಗ್ಗೆಯೇ ಮುಂದಿನ ಫೋರ್ಕುಗಳನ್ನು ಅದುಮಿ, ಮೂತಿ ಮೇಲೇಳದ ಹಾಗೆ ಬೆಲ್ಟು ಬಿಗಿದಿದ್ದ. ಇನ್ನು ಹಿಂದಿನ ಸ್ಪ್ರಿಂಗು ಬಿಗಿಯಬೇಕು. ಎಷ್ಟು ಬಿಗಿಯಬೇಕು ಅನ್ನುವುದು ಮೇಲೆ ಕೂರುವವರ ತೂಕಕ್ಕೆ ಬಿಟ್ಟದ್ದು.

"ನೀನೇ ಸ್ವಲ್ಪ ಕೂತ್ಕೊಳೇ," ಎಂದ ಪಕ್ಕದಲ್ಲೇ ನಿಂತಿದ್ದ ಮಗಳಿಗೆ. "ನಿನಗೂ ಅವನಿಗೂ ಇರೋ ವ್ಯತ್ಯಾಸಕ್ಕೆ ಮರಳು ಕಟ್ಟಿದರಾಯ್ತು. ನಿನ್ನ ಗಂಡನ ಹೊಟ್ಟೆ ಲೆಕ್ಕಕ್ಕೆ ಚೀಲ ದೊಡ್ಡದೇ ಬೇಕು."

ಅವಳು ನಗಲಿಲ್ಲ. ಬೈಕು ಅವಳದೇ, ಮದುವೆಗೆ ಮುಂಚೆ ರೇಸಿನಲ್ಲಿ ಓಡಿಸಿ ಗೆದ್ದದ್ದು. ಹೆರಿಗೆ ಆದ ಮೇಲೆ ಎಲ್ಲರೂ ಸಾಕು ಅಂದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಅಂದವನು ಈ ಅಪ್ಪ. ಆಮೇಲೆ ಗಂಡ ಓಡಿಸತೊಡಗಿದ. ಅವನ ನೀರಿನ ಬಾಟಲಿ ಹಿಡಿದು, ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟುವುದು ಅವಳ ಪಾಲಿಗೆ ಬಂತು. ಕೆಟ್ಟವನೇನಲ್ಲ ಪಾಪ, ಆದರೆ ಅವಳನ್ನು ಒಂದು ಮಾತು ಕೇಳಬೇಕು ಅಂತ ಅವನಿಗೆ ತೋಚಿರಲೇ ಇಲ್ಲ.

ಗೋಡೆಗೆ ನೇತುಹಾಕಿದ್ದ ಗಂಡನ ಜಾಕೆಟ್ಟು, ಹೆಲ್ಮೆಟ್ಟು ತೂಕದ ಲೆಕ್ಕಕ್ಕೆಂದು ಹಾಕಿಕೊಂಡು ಅವಳು ಹತ್ತಿ ಕೂತಳು. ಹಿಂದಿನ ಸೀಟಿಗೆ ಅಪ್ಪ ಚೀಲ ಕಟ್ಟಿದ. ಒಂದು ಕೈ ಗೋಡೆಗೆ ಊರಿ ಪಾದಗಳೆರಡನ್ನೂ ಫುಟ್‌ರೆಸ್ಟಿನ ಮೇಲಿಟ್ಟಳು. ಹಿಂಭಾಗ ಎಷ್ಟು ಇಳಿಯಿತು ಅಂತ ಅಳೆಯಲು ಅವನು ಟೇಪು ಹಿಡಿದು ನೆಲಕ್ಕೆ ಬಗ್ಗಿದ.

"ಅಲ್ಲಾಡಬೇಡ."

ಅವಳ ಇನ್ನೊಂದು ಕೈ ತಾನಾಗಿ ಥ್ರಾಟಲಿನ ಮೇಲೆ ಹೋಗಿ ಕೂತಿತ್ತು. ಎಂಜಿನ್ನು ಸತ್ತಿತ್ತು, ಆದರೂ ಅದನ್ನು ಕೊನೆಯವರೆಗೆ ತಿರುವಿ ಹಿಡಿದಳು. ಬೆನ್ನಿಗೆ ಮರಳು ಒತ್ತುತ್ತಿತ್ತು. ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಅಪ್ಪ, ಚೀಲ ತೆಗಿ."

"ಯಾಕೆ, ಚುಚ್ತಾ ಇದೆಯಾ?"

"ಇಲ್ಲ. ನನ್ನ ತೂಕಕ್ಕೆ ಕೂರಿಸು. ಭಾನುವಾರ ನಾನು ಓಡಿಸ್ತೀನಿ."

ಶಾಕಪ್ಪ ಟೇಪು ಹಿಡಿದೇ ಕೂತ. ಒಳಗಿನ ಕೋಣೆಯಲ್ಲಿ ಮೊಮ್ಮಗಳು ಮಲಗಿದ್ದಳು. ಅವನಿಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಕ್ಕೂ ಹೋಗಲಿಲ್ಲ. "ಬೇಡ ಕಣೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಮಗು ಇದೆ."

"ಅವರು ಓಡಿಸುವಾಗ ಮಗು ಇರಲ್ವಾ?"

ಶಾಕಪ್ಪ ಫೋರ್ಕಿನ ಬೆಲ್ಟಿನ ಬಕಲನ್ನು ಎಳೆದೆಳೆದು ನೋಡಿದ. ಕಡೆಗೆ ಎದ್ದು, ಹಗ್ಗ ಬಿಚ್ಚಿ, ಚೀಲ ಇಳಿಸಿ ಬಾಗಿಲ ಹತ್ತಿರ ಇಟ್ಟ. ಸ್ಪ್ಯಾನರು ಹಾಕಿ ಸ್ಪ್ರಿಂಗು ತಿರುಗಿಸಿದ, ಅಳೆದ, ಮತ್ತೆ ತಿರುಗಿಸಿದ. "ನೆಟ್ಟಗೆ ಕೂತ್ಕೋ. ಸ್ಟಾರ್ಟಲ್ಲಿ ಹೀಗೇ ಕೂರ್ತೀಯಾ? ಮುಂದಕ್ಕೆ ಬಾ," ಎಂದು ಗದರಿದ. ಅವಳು ಮುಂದಕ್ಕೆ ಜರುಗಿದಳು.

ಸಂಜೆ ಅಳಿಯ ಬಂದಾಗ ಅವಳು ಮಗುವಿಗೆ ಉಣ್ಣಿಸುತ್ತಿದ್ದಳು. ಅವನು ಬಾಗಿಲಲ್ಲಿದ್ದ ಚೀಲ ಎಡವಿ, ಸಾವರಿಸಿಕೊಂಡು, ನೇರ ಹೋಗಿ ಬೈಕು ಹತ್ತಿದ. ಹಿಂಭಾಗ ದೊಪ್ಪನೆ ಕುಸಿಯಿತು.

"ಏನ್ ಮಾವ ಇದು, ಕೂತ್ಕೊಂಡೇ ಬಿಡ್ತಲ್ಲ!"

"ಅದು ನಿಮಗೆ ಕೂರಿಸಿದ್ದಲ್ಲ," ಎಂದ ಶಾಕಪ್ಪ.

ಅಳಿಯ ನಗುತ್ತ ತಿರುಗಿದ. ಹೆಂಡತಿಯ ಮುಖ ನೋಡಿ ನಗು ನಿಂತಿತು.

"ನಾನು ಓಡಿಸ್ಬೇಕು ರೀ," ಎಂದಳು. ಮಗುವಿನ ಬಾಯಿ ಒರೆಸಿದಳು.

"ಅಂಗಡೀಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಲ್ಲೇ. ಓನರ್ರೂ ಬರ್ತಾರಂತೆ." ಅವನ ದನಿ ಸಣ್ಣದಾಯಿತು. ನಿಜವಾಗಿಯೂ ಬೇಜಾರಾಗಿತ್ತು ಅವನಿಗೆ. "ಮಾವ, ಮತ್ತೆ ನನ್ನ ತೂಕಕ್ಕೆ ಮಾಡೋಕೆ ಎಷ್ಟು ಹೊತ್ತಾಗುತ್ತೆ?"

"ಕಾಲು ಗಂಟೆ," ಎಂದ ಶಾಕಪ್ಪ. ಗೋಡೆಯ ಮೊಳೆಯಿಂದ ಸ್ಪ್ಯಾನರು ತೆಗೆದು ಅಳಿಯನ ಮುಂದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟ. "ನೀವೇ ತಿರುಗಿಸಿಕೊಳ್ಳಿ. ನನ್ನ ಕೈಲಾಗಲ್ಲ."

ಮಗು ಇನ್ನೊಂದು ತುತ್ತಿಗೆ ಬಾಯಿ ತೆರೆದು ಕಾಯುತ್ತಿತ್ತು. ಅಳಿಯ ಸ್ಪ್ಯಾನರನ್ನೇ ನೋಡುತ್ತ ಕೂತ. ಆಮೇಲೆ ಇಳಿದ, ಅದನ್ನು ತೆಗೆದು ಮೊಳೆಗೆ ಸಿಕ್ಕಿಸಿದ.

"ನನ್ನ ಹೆಲ್ಮೆಟ್ಟು ನಿನಗೆ ದೊಡ್ಡದಾಗುತ್ತೆ," ಎಂದ, ಅವಳ ಕಡೆ ತಿರುಗದೆ. "ನಿನ್ನದೆಲ್ಲಿ?"

"ಅಟ್ಟದ ಮೇಲೆ. ಹಳೇ ಟೈರುಗಳ ಹಿಂದೆ."

ಅವನು ಏಣಿ ಒರಗಿಸಿ ಹತ್ತಿದ. ಮೇಲೆ ಟೈರುಗಳನ್ನು ಸರಿಸುವ ಸದ್ದು ಕೇಳಿತು, ಒಂದು ಸೀನೂ ಕೇಳಿತು. ಹಲಗೆಗಳ ಸಂದಿಯಿಂದ ಧೂಳು ಸಣ್ಣಗೆ ಉದುರಿ ಬೈಕಿನ ಸೀಟಿನ ಮೇಲೆ ಬೀಳತೊಡಗಿತು. ಶಾಕಪ್ಪ ಬಟ್ಟೆ ತಂದು ಒರೆಸಿದ, ಮತ್ತೆ ಬಿತ್ತು, ಮತ್ತೆ ಒರೆಸಿದ.