ಹನ್ನೊಂದನೆಯ ಕೈ

ನಿಲುವಂಗಿಯ ಎಡತೋಳಿನ ಅಂಚಿನಲ್ಲಿ ಒಂದು ದಾರ ಇಣುಕುತ್ತಿದೆ, ಎರಡು ಅಂಗುಲದ ಬಿಳಿ ದಾರ, ಹೊಲಿದವಳು ಅವಳೇ, ನಿನ್ನೆ ತಾನೇ ಇಸ್ತ್ರಿ ಮಾಡಿ ಕೊಟ್ಟಿದ್ದು, ಕತ್ತರಿಸದೆ ಹೇಗೆ ಬಿಟ್ಟಳೋ — ಬೇಕೆಂದೇ ಬಿಟ್ಟಳೇ, ಇಲ್ಲ, ಸೇಡು ಬೇರೆ, ಹೊಲಿಗೆ ಬೇರೆ. ಮೇಜಿನ ಆ ತುದಿಯಲ್ಲಿ ಅಯ್ಯನವರು ಆ ತೋಳನ್ನು ವೇದಪುಸ್ತಕದ ಮೇಲಿಟ್ಟು ಕೂತಿದ್ದಾರೆ, ಇಪ್ಪತ್ತೆರಡು ವರ್ಷದಿಂದ ಈ ಸಭೆಯ ಪಾಸ್ಟರ್, ಈಗ ನಿವೃತ್ತಿಯ ವಯಸ್ಸು ಮೀರಿದೆ, ಇನ್ನೈದು ವರ್ಷ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಸಭೆಯ ಹನ್ನೊಂದು ಜನ ಹಿರಿಯರು ಭಾನುವಾರದ ಆರಾಧನೆ ಮುಗಿಸಿ ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರಿದ್ದಾರೆ, ಫ್ಯಾನು ಕಟಕಟ ಅನ್ನುತ್ತಿದೆ, ಇರಲಿ ಅನ್ನೋರು ಕೈ ಎತ್ತಿ, ಎಂದಿದ್ದಾರೆ ಕಾರ್ಯದರ್ಶಿ, ಐದು ಕೈ ಮೇಲಿವೆ, ಬೇಡವೆನ್ನುವ ಐವರು ಕೈಕಟ್ಟಿ ಕೂತಿದ್ದಾರೆ, ಉಳಿದವಳು ದರ್ಜಿ ಕೆಲಸದ ಅವಳೊಬ್ಬಳು. ನಿಧಾನವಾಗಿ ಯೋಚನೆ ಮಾಡಮ್ಮ, ಅವಸರ ಏನಿಲ್ಲ, ಅನ್ನುತ್ತಾರೆ ಕಾರ್ಯದರ್ಶಿ. ಯೋಚನೆಯೇ, ಒಂಬತ್ತು ವರ್ಷ ಅದನ್ನೇ ತಾನೇ ಮಾಡಿದ್ದು.

ಅವಳ ತಮ್ಮ ವೆಲ್ಡಿಂಗ್ ಕೆಲಸದವನು, ಕುಡುಕ ಅಂತಲೇ ಎಲ್ಲರಿಗೂ ಗೊತ್ತು, ಒಂಬತ್ತು ವರ್ಷದ ಹಿಂದೆ ಬೇರೆ ಕಡೆಯಿಂದ ಬಂದಿದ್ದ ಬೋಧಕರೊಬ್ಬರು, ರಕ್ಷಣೆಯ ಬಾಗಿಲು ಎಲ್ಲರಿಗೂ ತೆರೆದಿದೆ, ಒಳಗೆ ಬರೋದು ಬಿಡೋದು ನಿಮ್ಮಿಷ್ಟ, ಬರ್ತೀನಿ ಅನ್ನೋರು ಕೈ ಎತ್ತಿ ಎಂದಾಗ ಕೊನೆಯ ಬೆಂಚಿನಲ್ಲಿ ಅವನ ಕೈ ಮೇಲೆದ್ದಿತು, ಕಿಡಿ ಹಾರಿ ಸುಟ್ಟ ಕಲೆಗಳ ಕೈ, ಹೆಬ್ಬೆರಳಿನ ಉಗುರು ಕಪ್ಪು, ಅಮ್ಮ ಅವಳ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಗುರುತು ಎರಡು ದಿನ ಇತ್ತು. ಮರುವಾರವೇ ಅಯ್ಯನವರು ಪೀಠದಿಂದ, ಕೈ ಎತ್ತಿದ ಮಾತ್ರಕ್ಕೆ ಯಾರಿಗೂ ರಕ್ಷಣೆ ಸಿಗಲ್ಲ, ಲೋಕ ಹುಟ್ಟೋ ಮೊದಲೇ ದೇವರು ತನ್ನವರನ್ನ ಆರಿಸಿಕೊಂಡಾಗಿದೆ, ಮನುಷ್ಯನ ಇಷ್ಟಕ್ಕೆ ಅಲ್ಲಿ ಜಾಗ ಇಲ್ಲ. ದಾರಿಯುದ್ದಕ್ಕೂ ತಮ್ಮ ನಕ್ಕ, ಹಾಗಾದ್ರೆ ನನ್ನ ಕೈ ಎತ್ತಿಸಿದ್ದು ಯಾರಕ್ಕಾ, ಕೇಳು ನಿಮ್ಮ ಅಯ್ಯನವರನ್ನ. ಐದು ತಿಂಗಳು ಬಾಟಲಿ ಮುಟ್ಟಲಿಲ್ಲ, ಆಮೇಲೊಂದು ಸಂಜೆ ಮುಟ್ಟಿದ, ಮರುದಿನ ಕೆಲಸದ ಜಾಗದಲ್ಲಿ ಮೂರನೇ ಮಹಡಿಯಿಂದ ಬಿದ್ದು ಸತ್ತ, ಸಮಾಧಿಯ ಬಾಯಲ್ಲಿ ನಿಂತು ಅಯ್ಯನವರು, ಆರಿಸಲ್ಪಟ್ಟವರು ಕೊನೇತನಕ ನಿಲ್ತಾರೆ, ನಿಲ್ಲದವರು ಮೊದಲಿಂದಲೂ ನಮ್ಮವರಲ್ಲ — ಅಮ್ಮನ ಮುಂದೆ, ಮಣ್ಣು ಹಿಡಿದುಕೊಂಡಿದ್ದ ಅಮ್ಮನ ಮುಂದೆ. ಪರಲೋಕಕ್ಕೆ ಹೋದ್ರೆ ಅವನು ಸಿಗ್ತಾನೇನೇ. ಸಿಗ್ತಾನಮ್ಮ. ಅಯ್ಯನವರು ಹಾಗನ್ನಲಿಲ್ಲವಲ್ಲೇ. ಅಮ್ಮ ಹಾಸಿಗೆ ಹಿಡಿದ ಮೇಲೂ ಅದೇ ಮಾತು, ಅವಳು ಪಾಸ್ಟರ ಮನೆಯ ಮೆಟ್ಟಿಲ ಮೇಲೆ ನಿಂತು ಕೇಳಿದ್ದಳು, ಬಂದು ಒಂದು ಮಾತು ಹೇಳಿ ಅಯ್ಯನವರೇ, ಅಮ್ಮ ಸಮಾಧಾನವಾಗಿ ಹೋಗ್ಲಿ. ಇಲ್ಲದ್ದನ್ನ ಹೇಳೋದು ಹೇಗೆ ಮಗಳೇ, ನನ್ನ ಕೈಯಲ್ಲಿ ಏನಿದೆ. ಅಮ್ಮ ಗೋಡೆಯ ಕಡೆ ತಿರುಗಿಕೊಂಡೇ ಹೋದಳು.

ಮೊನ್ನೆ ಅಂಗಡಿಗೆ ಅಳತೆ ಕೊಡಲು ಬಂದ ಅಯ್ಯನವರು ತೋಳು ಚಾಚಿ ನಿಂತೇ ಹೇಳಿದರು, ಐದು ಐದು ಆಗಿದೆಯಂತೆ, ಇನ್ನು ಎಲ್ಲ ನಿನ್ನ ಕೈಯಲ್ಲಿದೆ ಮಗಳೇ. ಅವಳ ಬಾಯಲ್ಲಿ ಗುಂಡುಪಿನ್ನುಗಳಿದ್ದವು, ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು, ಹೀಗೊಂದು ದಿನಕ್ಕಾಗಿಯೇ ಅಲ್ಲವೇ ಅವಳು ಇದೇ ಚರ್ಚಿನಲ್ಲಿ ಉಳಿದದ್ದು, ಹಿರಿಯಳಾದದ್ದು, ನಿಮ್ಮನ್ನ ದೇವರೇ ಆರಿಸಿದ್ರೆ ನನ್ನ ಕೈ ಯಾಕೆ ಬೇಕು ಅಯ್ಯನವರೇ. ಅವರ ಮುಖ ಬಿಳಿಚಿಕೊಂಡಿತು, ನೋಡಲು ಎಷ್ಟು ಹಿತವಾಗಿತ್ತು. ಆವತ್ತು ನಾನು ಹಾಗನ್ನಬಾರದಿತ್ತು. ಅಮ್ಮನಿಗೆ ಹೇಳಿ. ನನ್ನ ಹೆಂಡತಿ ಎದ್ದು ಓಡಾಡೋ ಹಾಗಿಲ್ಲ, ಚರ್ಚು ಕೊಟ್ಟ ಮನೆ ಖಾಲಿ ಮಾಡಿ ಅಂದ್ರೆ ಅವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ. ಕೈ ಇಳಿಸಿ, ಅಳತೆ ಆಯ್ತು.

ಆ ಹೆಂಡತಿ, ಅಯ್ಯೋ, ಅವರನ್ನು ಈಗ ಯಾಕೆ ನೆನಪು ಮಾಡಿಕೊಳ್ಳಬೇಕು, ಅಮ್ಮನ ಹೆಣ ತೊಳೆಯಲು ಯಾರೂ ಕರೆಯದೆ ಬಂದವರು, ಉಗುರಿನ ಸಂದಿಯನ್ನೂ ಬಿಡದೆ ತೊಳೆದವರು — ಎತ್ತು, ಅವರಿಗಾಗಿ ಎತ್ತು, ಅನ್ನುತ್ತಿದೆ ಒಳಗೆ ಏನೋ, ಎತ್ತಬಲ್ಲೆ, ಯಾರೂ ಕಟ್ಟಿಹಾಕಿಲ್ಲ, ಆದರೆ ಕೈ ಮಡಿಲಲ್ಲಿ ಕಲ್ಲಿನ ಹಾಗೆ ಬಿದ್ದಿದೆ, ಸಮಾಧಿಯ ಹತ್ತಿರವೇ ಇದು ನಿಶ್ಚಯವಾಗಿಬಿಟ್ಟಿತ್ತೇ, ಹಾಗಾದರೆ ಎಲ್ಲ ಮೊದಲೇ ನಿಶ್ಚಯ ಎಂದು ಈ ಮನುಷ್ಯ ಹೇಳಿದ್ದೇ ಸರಿಯೇ, ಇಲ್ಲ, ಸಾಯುತ್ತೇನೆಯೇ ಹೊರತು ಅದನ್ನು ಒಪ್ಪಲಾರೆ. ಐದೇ ತಾನೇ, ಕಾರ್ಯದರ್ಶಿ ಪೆನ್ನು ತೆರೆದರು. ಐದೇ, ಎಂದಳು ಅವಳು. ಬರೆದದ್ದಾಯಿತು. ಅಯ್ಯನವರು ಪುಸ್ತಕ ಎತ್ತಿಕೊಂಡು ಅವಳ ಕಡೆ ನೋಡಿದರು, ಕೋಪವಿಲ್ಲ, ಒಂದಿಷ್ಟೂ ಇಲ್ಲ, ಬೇಜಾರು ಮಾಡ್ಕೋಬೇಡ ಮಗಳೇ, ನಿನ್ನದೇನಿದೆ ಇದರಲ್ಲಿ, ದೇವರ ಚಿತ್ತ. ಅದನ್ನೂ ಕಿತ್ತುಕೊಂಡರು, ಒಂಬತ್ತು ವರ್ಷ ಸಾಕಿದ ಸೇಡನ್ನು ಒಂದೇ ಮಾತಿನಲ್ಲಿ ಕಿತ್ತುಕೊಂಡು ದೇವರಿಗೆ ಕೊಟ್ಟರು, ದೇವರದ್ದಲ್ಲ, ನನ್ನದು, ನಾನು ಮಾಡಿದ್ದು ಇದು, ಎಂದಳು, ಗಟ್ಟಿಯಾಗಿಯೇ ಎಂದಳು, ಆದರೆ ಕುರ್ಚಿಗಳು ಸರಿಯುತ್ತಿದ್ದವು, ಯಾರೂ ಕೇಳಿಸಿಕೊಳ್ಳಲಿಲ್ಲ, ನಾನು, ನನ್ನ ಇಷ್ಟ, ನನ್ನ — ಕೊನೆಯ ಬೆಂಚು, ಕಪ್ಪು ಉಗುರು, ಸುಟ್ಟ ಕಲೆಗಳು, ಮೇಲೆತ್ತಿದ ಕೈ, ಇನ್ನೂ ಇಳಿಸಿಲ್ಲ ಅವನು, ಇನ್ನೂ ಇಳಿಸಿಲ್ಲ