ಕೋಟಿನ ಕುತ್ತಿಗೆಯ ಹಸಿರು ದಾರ

ಹದಿನಾರು ವರ್ಷ ಇಬ್ಬರೂ ಸೇರಿ ಬೆಳೆಸಿದ ಲಾಂಡ್ರಿಯನ್ನು ಗಂಡ ಒಂದೇ ಹಾಳೆಯಲ್ಲಿ ಮುಗಿಸಿದ್ದ. ವಿಚ್ಛೇದನದ ಸಂಧಾನಕ್ಕೆಂದು ಕೊಟ್ಟ ಕೋಣೆಯಲ್ಲಿ, ಮೇಜಿನ ಆಚೆ ಕೂತು, ಆ ಆಸ್ತಿಪಟ್ಟಿಯನ್ನು ಬೆರಳ ತುದಿಯಿಂದ ಅವಳತ್ತ ತಳ್ಳಿದ. ಸ್ಟೇಷನ್ ಹತ್ತಿರದ ಹಳೇ ಅಂಗಡಿ, ಎರಡು ಮುದಿ ಯಂತ್ರ, ಮೇಲಿಷ್ಟು ಸಾಲ. ಆಸ್ಪತ್ರೆ ರಸ್ತೆಯ ಅಂಗಡಿ ಮುಚ್ಚಿ ವರ್ಷವಾಯಿತಂತೆ. ಇದರಲ್ಲಿ ಅರ್ಧ ಎಂದರೆ, ಅವಳೂ ಮಗಳೂ ಒಂದು ಬಾಡಿಗೆ ಮನೆ ಹಿಡಿಯಲಿಕ್ಕೂ ಸಾಲದು.

"ಎಂಟು ತಿಂಗಳಿಂದ ಬ್ಯಾಂಕ್ ಪುಸ್ತಕ ಕೇಳ್ತಿದ್ದೀವಿ," ಎಂದರು ಅವಳ ವಕೀಲೆ.

"ನೆನೆದು ಹೋಯ್ತು ಮೇಡಂ. ನಮ್ದು ನೀರಿನ ಕೆಲಸ ಅಲ್ವಾ?"

"ಅದನ್ನೂ ಒಗೆದು ಇಸ್ತ್ರಿ ಮಾಡಿಬಿಟ್ರಾ?" ಎಂದಳು ಅವಳು.

"ನೀನು ಬಾಯಿ ಮುಚ್ಕೊಂಡು ಕೂತ್ಕೋ. ಹಿಂದಿನ ಕೋಣೇಲಿ ಗುಂಡಿ ಹೊಲಿಯೋಳಿಗೆ ವ್ಯಾಪಾರ ಏನು ಗೊತ್ತು?"

ಅವಳು ಹಿಂದಿನ ಕೋಣೆಯಲ್ಲೇ ಇದ್ದದ್ದು ನಿಜ. ಗುಂಡಿ ಹೊಲಿಯುವುದರ ಜೊತೆಗೆ ಬಟ್ಟೆಗೆ ಗುರುತು ಹಾಕುವುದೂ ಅವಳ ಪಾಲಿಗಿತ್ತು. ಒಮ್ಮೆ ಮದುಮಗನ ಕೋಟು ಮುದಿ ಡಾಕ್ಟರ ಮನೆ ಸೇರಿ ರಂಪವಾದ ಮೇಲೆ, ಪದ್ಧತಿ ಕಟ್ಟಿದವಳೂ ಅವಳೇ: ಅಂಗಡಿಗೊಂದು ಬಣ್ಣದ ದಾರ, ಆ ದಾರದಲ್ಲೇ ಕುತ್ತಿಗೆಯೊಳಗೆ ಹೊಲಿದ ಗಿರಾಕಿಗೊಂದು ನಂಬರು. ಸ್ಟೇಷನ್ ಅಂಗಡಿಗೆ ಕೆಂಪು, ಆಸ್ಪತ್ರೆ ರಸ್ತೆಗೆ ಹಳದಿ. ಯಜಮಾನನ ಬಟ್ಟೆಗೆ ಮಾತ್ರ ಎರಡೂ ಕಡೆ ಒಂದನೇ ನಂಬರು. ಅದು ಅವನದೇ ಹಟ. ಇಸ್ತ್ರಿಯವರಿಗೆ ನೋಡಿದ ಕೂಡಲೇ ಭಯ ಹುಟ್ಟಬೇಕಂತೆ.

ಸೆಖೆಗೆ ಗಂಡ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದ್ದ. ಅವನು ನೀರು ಕುಡಿಯಲು ಮೂಲೆಗೆ ಎದ್ದು ಹೋದಾಗ ಕೋಟಿನ ಕುತ್ತಿಗೆಯ ಒಳಭಾಗ ಅವಳ ಕಣ್ಣಿಗೆ ಬಿತ್ತು. ಒಂದನೇ ನಂಬರು. ದಾರ ಕೆಂಪಲ್ಲ, ಹಳದಿಯೂ ಅಲ್ಲ. ಎಲೆಹಸಿರು.

ಅವಳು ಪಕ್ಕಕ್ಕೆ ಬಾಗಿದಳು. ವಕೀಲೆಯ ಕಿವಿಯಲ್ಲಿ, "ಈಗ ಏನೂ ಕೇಳ್ಬೇಡಿ ಮೇಡಂ. ಮೊದಲು ಸಹಿ ಹಾಕ್ಲಿ," ಎಂದಳು.

ಗಂಡ ವಾಪಸು ಬಂದು, ಬೇರೆ ಅಂಗಡಿ ಇಲ್ಲವೆಂದು ಪ್ರಮಾಣ ಮಾಡಿ, ಠೀವಿಯಿಂದ ಸಹಿ ಹಾಕಿದ. ಸಂಧಾನಕ್ಕೆ ಕೂತಿದ್ದ ಹಿರಿಯರು ಹಾಳೆ ಎತ್ತಿಕೊಂಡರು.

"ಸಾರ್, ಆ ಕೋಟಿನ ಕುತ್ತಿಗೆ ಸ್ವಲ್ಪ ನೋಡಿ," ಎಂದಳು ಅವಳು. ವಕೀಲೆ ಆಗಲೇ ಎದ್ದು ಫೋನಿನಲ್ಲಿ ಫೋಟೊ ತೆಗೆದಾಗಿತ್ತು. ದಾರದ ಲೆಕ್ಕವನ್ನು ಹೆಂಡತಿ ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದಳು: ಕೆಂಪು ಒಂದು ಅಂಗಡಿ, ಹಳದಿ ಇನ್ನೊಂದು, ಹಸಿರು ಎಂದರೆ ಮೂರನೆಯದು.

"ಅದು... ಬೇರೆ ಲಾಂಡ್ರಿಗೆ ಕೊಟ್ಟಿದ್ದೆ," ಎಂದ ಗಂಡ.

"ಸ್ವಂತ ಲಾಂಡ್ರಿ ಇಟ್ಕೊಂಡು? ಅಲ್ಲೂ ಮೊದಲನೇ ಗಿರಾಕಿ ನೀವೇನಾ?"

"ಹಾಳಾದೋಳೇ!" ಗಂಡ ಕೋಟು ಎಳೆದುಕೊಂಡು, ಉಗುರಿನಿಂದ ದಾರ ಕಿತ್ತ.

"ಕೀಳಿ, ಕೀಳಿ. ಸೂಜಿ ತೂತು ಎಲ್ಲಿಗೆ ಹೋಗುತ್ತೆ?"

"ಯಾವ ಲಾಂಡ್ರಿ ಹೇಳಿ. ಈಗಲೇ ಫೋನ್ ಮಾಡಿ ಕೇಳ್ತೀನಿ," ಎಂದರು ಹಿರಿಯರು.

ಗಂಡ ಪಕ್ಕದಲ್ಲಿ ಕೂತಿದ್ದ ತನ್ನ ವಕೀಲನ ಮುಖ ನೋಡಿದ. ಆತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನನಗೂ ಹೇಳಿರಲಿಲ್ವಲ್ರೀ. ಈಗಲಾದರೂ ಬಾಯಿ ಬಿಡಿ."



"ಮಾರ್ಕೆಟ್ ಹಿಂದೆ," ಎಂದ ಗಂಡ, ಹಲ್ಲು ಕಚ್ಚಿಕೊಂಡೇ. "ತಮ್ಮನ ಹೆಸರಲ್ಲಿದೆ."

ಹಿರಿಯರು ಹೊಸ ಹಾಳೆ ಎಳೆದುಕೊಂಡರು.

"ಯಂತ್ರ ಎಷ್ಟು ಅಂತಾನೂ ಕೇಳಿ ಬರ್ಕೊಳ್ಳಿ ಸಾರ್," ಎಂದಳು ಅವಳು. "ಅವು ಮುದಿ ಆಗಿರಲ್ಲ."